ಹಳಿ ಉಜ್ಜುವ ಮೊದಲು ಚಕ್ರ ನೋಡಿ

ಮಹಡಿಯ ಕೋಣೆಯಲ್ಲೋ, ಮಂಚದಡಿಯಿಂದ ಎಳೆದ ಹಲಗೆಯ ಮೇಲೋ ಪುಟ್ಟ ರೈಲು ಓಡಿಸುವ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಗೆಳೆಯರಿಗೆ. ಅಮೆರಿಕದ ಬೇಸ್‌ಮೆಂಟಿನಲ್ಲಿ, ಇಂಗ್ಲೆಂಡಿನ ಗ್ಯಾರೇಜಿನಲ್ಲಿ ಇದೇ ಚಟ ಹತ್ತಿಸಿಕೊಂಡಿರುವ ಕನ್ನಡದವರಿಗೆ,

ಮೊದಲು ಆ ಸ್ಯಾಂಡ್‌ಪೇಪರನ್ನು ಕೆಳಗಿಡಿ. ಮಿಕ್ಕ ಮಾತು ಆಮೇಲೆ.

ಇದನ್ನು ಬಹಿರಂಗವಾಗಿ ಬರೆಯುವುದಕ್ಕೆ ಕಾರಣವಿದೆ. ನಾವು ಕೆಲವರು ಆಗಾಗ ಒಂದೆಡೆ ಸೇರಿ, ಒಬ್ಬರ ಹಲಗೆಗೆ ಇನ್ನೊಬ್ಬರ ಹಲಗೆ ಜೋಡಿಸಿ, ಉದ್ದನೆಯ ಒಂದೇ ದಾರಿ ಮಾಡಿಕೊಂಡು ರೈಲು ಓಡಿಸುತ್ತೇವಲ್ಲ, ಅಲ್ಲಿ ಹಳಿ ಒರೆಸುವ ಕೆಲಸ ಹೇಗೋ ನನ್ನ ಪಾಲಿಗೆ ಬಂದಿದೆ. ಅದರ ಬಗ್ಗೆ ಬೇಸರವಿಲ್ಲ. ಬೆಳಗ್ಗೆ ಬಿಳಿ ಬಟ್ಟೆಗೆ ಏನೂ ಅಂಟದಷ್ಟು ಚೊಕ್ಕಟವಾಗಿ ಒರೆಸಿಟ್ಟ ಹಳಿ, ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ಮಸಿ ಹಿಡಿದಿರುತ್ತದೆ. ಯಾರದೋ ಇಂಜಿನ್ ತಡವರಿಸುತ್ತದೆ, ಇನ್ಯಾರದೋ ಬೋಗಿಯ ದೀಪ ಮಿಣುಕುತ್ತದೆ. ಆಗ ಒಬ್ಬರು ಜೇಬಿನಿಂದ ಮಡಚಿದ ಸ್ಯಾಂಡ್‌ಪೇಪರ್ ತೆಗೆದು, ‘ಇರಿ ಸಾರ್, ಎರಡು ಸಲ ತಿಕ್ಕಿದರೆ ಸರಿಹೋಗುತ್ತೆ’ ಅನ್ನುತ್ತಾರೆ. ಸರಿಹೋಗುವುದೂ ನಿಜ, ಒಂದರ್ಧ ಗಂಟೆ. ಆಮೇಲೆ ಮತ್ತೆ ಅದೇ ಜಾಗದಲ್ಲಿ ಮತ್ತೊಬ್ಬರ ಇಂಜಿನ್ ನಿಲ್ಲುತ್ತದೆ, ಮತ್ತೆ ಸ್ಯಾಂಡ್‌ಪೇಪರು ಹೊರಬರುತ್ತದೆ.

ನನ್ನ ತಕರಾರು ಇಷ್ಟೇ. ಹಳಿಯ ಮೇಲೆ ಕಾಣುವ ಕಪ್ಪು ಹಳಿಯದ್ದಲ್ಲ. ಒಂದಿಷ್ಟು ಚಕ್ರಗಳು ಹೊತ್ತು ತಂದದ್ದು, ಇನ್ನೊಂದಿಷ್ಟು ಚಕ್ರಕ್ಕೂ ಹಳಿಗೂ ನಡುವೆ ಹಾರುವ ಕಿಡಿಯಿಂದ ಅಲ್ಲೇ ಹುಟ್ಟಿದ್ದು. ಅದನ್ನು ಒರೆಸಬೇಕು, ಕೆರೆಯಬಾರದು. ಒರೆಸುವುದಕ್ಕೂ ಮೊದಲು ಇಂಜಿನನ್ನು ಅಂಗಾತ ಮಲಗಿಸಿ ಅದರ ಕಾಲು ನೋಡಬೇಕು.

ಈ ಹವ್ಯಾಸಕ್ಕೆ ಹೊಸಬರಾದವರಿಗೆ ಒಂದು ಮಾತು. ನಿಜವಾದ ರೈಲಿಗೆ ತಲೆಯ ಮೇಲಿನ ತಂತಿಯಿಂದಲೋ ಹೊಟ್ಟೆಯೊಳಗಿನ ಡೀಸೆಲ್ಲಿನಿಂದಲೋ ಶಕ್ತಿ ಬರುತ್ತದೆ. ನಮ್ಮ ರೈಲಿಗೆ ಹಳಿಯೇ ವೈರು. ಒಂದು ಕಂಬಿಯಿಂದ ಕರೆಂಟು ಒಂದು ಬದಿಯ ಚಕ್ರಗಳಿಗೆ ಏರಿ, ಮೋಟರಿನ ಮೂಲಕ ಹಾದು, ಇನ್ನೊಂದು ಬದಿಯ ಚಕ್ರಗಳಿಂದ ಇನ್ನೊಂದು ಕಂಬಿಗೆ ಇಳಿಯುತ್ತದೆ. ಹಳೆಯ ಪದ್ಧತಿಯಲ್ಲಿ ಅದು 12 ವೋಲ್ಟಿನವರೆಗಿನ ಡಿಸಿ. 1990ರ ದಶಕದಿಂದ ಹರಡಿದ ಡಿಸಿಸಿ ಪದ್ಧತಿಯಲ್ಲಿ ಹಳಿಯಲ್ಲಿ ಸದಾ ಪೂರ್ತಿ ವೋಲ್ಟೇಜು ಇರುತ್ತದೆ, ಇಂಜಿನ್ನಿಗೆ ಕೊಡುವ ಅಪ್ಪಣೆಯೂ ಅದೇ ಹಳಿಯಲ್ಲೇ ಹರಿಯುತ್ತದೆ. ಹಾಗಾಗಿ ಅಲ್ಲಿ ಕೊಳೆ ಬರೀ ಕರೆಂಟನ್ನು ತಡೆಯುವುದಿಲ್ಲ, ಮಾತನ್ನೂ ನುಂಗುತ್ತದೆ. ನೀವು ‘ನಿಲ್ಲು’ ಅಂದದ್ದು ಇಂಜಿನ್ನಿಗೆ ಕೇಳಿಸಿರುವುದಿಲ್ಲ.

ಕೂದಲೆಳೆಯಷ್ಟೂ ದಪ್ಪವಿಲ್ಲದ ಮಸಿಯ ಪದರಕ್ಕೆ ಇಷ್ಟು ಶಕ್ತಿ ಎಲ್ಲಿಂದ ಬಂತು? ಇದಕ್ಕೆ ಒಂದು ಲೆಕ್ಕವಿದೆ, ನನಗೆ ಬಲು ಇಷ್ಟವಾದದ್ದು. ನಮ್ಮ ಡಬ್ಲ್ಯುಡಿಜಿ-4 ಡೀಸೆಲ್ ಇಂಜಿನ್ನಿನ ತೂಕ 126 ಟನ್. ಆರು ಅಚ್ಚು, ಹನ್ನೆರಡು ಚಕ್ರ. ಒಂದೊಂದು ಚಕ್ರ ಹಳಿಯ ಮೇಲೆ ಹತ್ತೂವರೆ ಟನ್ ಹೇರುತ್ತದೆ. ಅದರಡಿ ಎಲೆಯೋ ಮಣ್ಣೋ ಸಿಕ್ಕಿದರೆ ಪುಡಿಯಾಗದೆ ವಿಧಿಯಿಲ್ಲ. ಈಗ ಅದನ್ನೇ ಎಚ್‌ಒ ಅಳತೆಗೆ, ಅಂದರೆ 1:87ಕ್ಕೆ ಇಳಿಸಿ. ಉದ್ದ 87 ಪಟ್ಟು ಇಳಿದರೆ ತೂಕ 87 ಗುಣಿಸು 87 ಗುಣಿಸು 87 ಪಟ್ಟು ಇಳಿಯಬೇಕು. ಭಾಗಿಸಿ ನೋಡಿದರೆ ಸುಮಾರು 191 ಗ್ರಾಂ. ಚಕ್ರವೊಂದಕ್ಕೆ ಹದಿನಾರು ಗ್ರಾಂ! ಮಾದರಿ ಮಾಡುವವರು ಒಳಗೆ ಲೋಹದ ತುಂಡು ತುಂಬಿ ಇದನ್ನು ಹೆಚ್ಚಿಸುತ್ತಾರೆ, ಇಲ್ಲದಿದ್ದರೆ ಇಂಜಿನ್ ನಾಲ್ಕು ಬೋಗಿಯನ್ನೂ ಎಳೆಯದು. ಆದರೂ ಚಕ್ರವೊಂದರ ಮೇಲೆ ಬೀಳುವುದು ಹತ್ತಾರು ಗ್ರಾಂ ಅಷ್ಟೇ. 1:160ರ ಎನ್ ಅಳತೆಯವರ ಪಾಡು ಇನ್ನೂ ಕಷ್ಟ. ಇಷ್ಟು ಹಗುರದ ಚಕ್ರ ಕೊಳೆಯನ್ನು ಅರೆಯುವುದಿಲ್ಲ, ಅದರ ಮೇಲೆ ತೇಲುತ್ತದೆ.

(ಇದರ ನಡುವೆ ಒಂದು ಉಪಕಥೆ. ಎಚ್‌ಒ ಹಳಿಯ ಅಗಲ 16.5 ಮಿ.ಮೀ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ.; ಅದನ್ನು 87ರಿಂದ ಭಾಗಿಸಿದರೆ 19 ಮಿ.ಮೀ. ದಾಟುತ್ತದೆ. ಅಂದಮೇಲೆ ಭಾರತದ ಇಂಜಿನ್ನನ್ನು ಎಚ್‌ಒ ಹಳಿಯ ಮೇಲೆ ನಿಲ್ಲಿಸುವ ನಾವೆಲ್ಲ ಮೊದಲೇ ಒಂದು ರಾಜಿ ಮಾಡಿಕೊಂಡವರು. ಗೇಜಿನ ವಿಷಯದಲ್ಲಿ ಇಷ್ಟು ಉದಾರಿಗಳಾದ ನಾವು ಸ್ಯಾಂಡ್‌ಪೇಪರಿನ ವಿಷಯದಲ್ಲಿ ಯಾಕೆ ಇಷ್ಟು ಹಟಮಾರಿಗಳೋ.)

ಚಕ್ರ ಹೀಗೆ ತೇಲಿದಾಗ ಏನಾಗುತ್ತದೆ? ಕ್ಷಣಕಾಲ ಹಳಿಯ ಸಂಪರ್ಕ ಕಡಿಯುತ್ತದೆ. ಹರಿಯುತ್ತಿದ್ದ ಕರೆಂಟನ್ನು ಮೋಟರಿನ ಸುರುಳಿ ಥಟ್ಟನೆ ನಿಲ್ಲಲು ಬಿಡುವುದಿಲ್ಲ. ಅದು ಆ ಕಿರಿದಾದ ಸಂದಿಯನ್ನು ಕಿಡಿಯಾಗಿ ದಾಟುತ್ತದೆ. ಕೋಣೆಯ ದೀಪ ಆರಿಸಿ, ಹಳಿಯ ಮಟ್ಟಕ್ಕೆ ಕಣ್ಣು ತಂದು, ಹಳಿ ಕವಲೊಡೆಯುವ ಪಾಯಿಂಟಿನ ಮೇಲೆ ಹಾಯುವ ಇಂಜಿನ್ನನ್ನು ನೋಡಿ. ಚಕ್ರದಡಿ ನೀಲಿ ಚುಕ್ಕೆಗಳು ಮಿಂಚಿ ಮರೆಯಾಗುವುದು ಕಾಣುತ್ತದೆ. ಮಕ್ಕಳಿಗೆ ಇದು ಹಬ್ಬ. ಆದರೆ ಪ್ರತಿ ಚುಕ್ಕೆಯೂ ಹಳಿಯ, ಚಕ್ರದ ಲೋಹವನ್ನು ಕಣದಷ್ಟು ಸುಟ್ಟು ಆಕ್ಸೈಡಿನ ಪುಡಿ ಮಾಡುತ್ತದೆ. ಆ ಪುಡಿಗೆ ಕೋಣೆಯ ಧೂಳು, ಗೇರಿನಿಂದ ಸೋರಿದ ಎಣ್ಣೆ ಸೇರಿದರೆ ನಮ್ಮ ಕರಿ ಅಂಟು ಸಿದ್ಧ. ಅಂಟು ಹೆಚ್ಚಿದಷ್ಟೂ ಸಂಪರ್ಕ ಕಡಿಯುವುದು ಹೆಚ್ಚು, ಕಡಿದಷ್ಟೂ ಕಿಡಿ, ಕಿಡಿಯಾದಷ್ಟೂ ಅಂಟು.

ಎಣ್ಣೆಯ ಮಾತು ಬಂದಿತು. ಗೇರಿಗೆ ಸೂಜಿಮೊನೆಯಲ್ಲಿ ಹಿಡಿಯುವಷ್ಟು ಎಣ್ಣೆ ಸಾಕು. ಹೊಲಿಗೆ ಮಷಿನ್ನಿನ ಎಣ್ಣೆ ಡಬ್ಬಿಯ ಮೂತಿಯಿಂದ ನೇರವಾಗಿ ಬಿಡುವವರು ನಮ್ಮಲ್ಲಿ ಇದ್ದಾರೆ. ಆ ಎಣ್ಣೆ ಎರಡು ಸುತ್ತಿನಲ್ಲಿ ಚಕ್ರಕ್ಕಿಳಿದು, ಮೂರನೇ ಸುತ್ತಿಗೆ ಎಲ್ಲರ ಹಳಿಗೂ ಬಂದಿರುತ್ತದೆ. ತೆಂಗಿನೆಣ್ಣೆ ಹಾಕುವವರಿಗಂತೂ ಕೈಮುಗಿಯುತ್ತೇನೆ. ಇನ್ನು ಮನೆಯೊಳಗಿನ ಗಾಳಿ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ರೈಲು ಹಾಸಿಕೊಂಡವರು ಒಂದು ಗಾಜಿನ ತುಂಡನ್ನು ಹಲಗೆಯ ಮೇಲೆ ಒಂದು ವಾರ ಬಿಟ್ಟು, ಆಮೇಲೆ ಬೆರಳು ಎಳೆದು ನೋಡಿ. ಒಗ್ಗರಣೆಯ ಹೊಗೆಯೊಡನೆ ಬಂದ ಜಿಡ್ಡು ಸಿಗುತ್ತದೆ, ಅದರ ಮೇಲೆ ಊದುಬತ್ತಿಯ ಮಸಿ, ಅದರ ಮೇಲೆ ಫ್ಯಾನು ಹಂಚಿದ ಧೂಳು. ಗಾಜಿನ ಮೇಲೆ ಇರುವುದೆಲ್ಲ ಹಳಿಯ ಮೇಲೂ ಇದೆ. ಮೊಸರನ್ನಕ್ಕೆ ಒಗ್ಗರಣೆ ಬೇಡ ಎನ್ನುವ ಧೈರ್ಯ ನನಗಿಲ್ಲ. ಓಡಿಸಿದ ಮೇಲೆ ಹಲಗೆಗೆ ತೆಳು ಪ್ಲಾಸ್ಟಿಕ್ ಹೊದಿಸಿ ಎನ್ನುವಷ್ಟು ಧೈರ್ಯವಿದೆ.

ಮೂರನೆಯ ಆರೋಪಿ ಅಗ್ಗದ ಗೂಡ್ಸ್ ವ್ಯಾಗನ್ನುಗಳ ಪ್ಲಾಸ್ಟಿಕ್ ಚಕ್ರ. ಅವು ಕರೆಂಟು ಎತ್ತುವುದಿಲ್ಲವಾದ್ದರಿಂದ ಯಾರೂ ಒರೆಸುವುದಿಲ್ಲ. ಅಂಟು ಅವುಗಳ ಮೇಲೆ ಪದರಗಟ್ಟಿ, ಕೊನೆಗೆ ಚಕ್ರ ಕುಲುಕುತ್ತ ಉರುಳತೊಡಗುತ್ತದೆ. ಉಗುರಿನಿಂದ ಕೆರೆದರೆ ಕಪ್ಪು ಬಳ್ಳಿಯಂತೆ ಎದ್ದು ಬರುತ್ತದೆ. ಇಂಜಿನ್ ಎಷ್ಟೇ ಚೊಕ್ಕಟವಾಗಿರಲಿ, ಹಿಂದೆ ಇಪ್ಪತ್ತು ವ್ಯಾಗನ್ನು ಮಸಿ ಬಳಿಯುತ್ತ ಬಂದರೆ ಫಲವೇನು? ಲೋಹದ ಚಕ್ರಗಳಿಗೆ ಬದಲಾಯಿಸಿ. ಅಚ್ಚಿನ ಉದ್ದ ಅಳೆದು ಕೊಳ್ಳಿ, ಕಂಪನಿಯಿಂದ ಕಂಪನಿಗೆ ಅದು ಬೇರೆ. ಎಲ್ಲವನ್ನೂ ಒಮ್ಮೆಲೇ ಕೊಳ್ಳುವುದು ಹೊರೆ ಎಂಬುದು ಗೊತ್ತು. ಹೆಚ್ಚು ಓಡುವ ರೇಕಿನಿಂದ ಶುರುಮಾಡಿ.

ಈಗ ಸ್ಯಾಂಡ್‌ಪೇಪರಿಗೆ ಬರೋಣ. ಇವತ್ತಿನ ಹಳಿ ಬಹುಪಾಲು ನಿಕ್ಕಲ್ ಸಿಲ್ವರಿನದು. ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹ. ಹಳೆಯ ಸೆಟ್ಟುಗಳ ಹಿತ್ತಾಳೆ ಹಳಿಗಿಂತ ನಿಧಾನವಾಗಿ ಕಿಲುಬು ಹಿಡಿಯುತ್ತದೆ, ಉಕ್ಕಿನ ಹಳಿಯಂತೆ ತುಕ್ಕು ಹಿಡಿಯುವುದೇ ಇಲ್ಲ. ಕೋಡ್ 100 ಎಂದು ಕರೆಯುವ ಹಳಿಯ ಎತ್ತರ ಇಂಚಿನ ನೂರು ಸಾವಿರಾಂಶ, ಅಂದರೆ ಎರಡೂವರೆ ಮಿ.ಮೀ. ಚಕ್ರ ಕೂರುವ ನೆತ್ತಿ ಅದಕ್ಕಿಂತಲೂ ಕಿರಿದು. ಅಂಥ ನೆತ್ತಿಯ ಮೇಲೆ ಒಮ್ಮೆ ಸ್ಯಾಂಡ್‌ಪೇಪರ್ ಎಳೆದು ಭೂತಗನ್ನಡಿಯಲ್ಲಿ ನೋಡಿ: ಉದ್ದಕ್ಕೂ ಗೀರು. ಚಕ್ರ ಈಗ ಗೀರುಗಳ ಏಣಿನ ಮೇಲಷ್ಟೇ ಕೂರುತ್ತದೆ. ತಗ್ಗಿನಲ್ಲಿ ಮಸಿ ಕೂರುತ್ತದೆ, ಒರೆಸಿದರೂ ಬಟ್ಟೆ ಅಲ್ಲಿಗೆ ಇಳಿಯದು. ಸ್ಟೀಲ್ ನಾರಿನಿಂದ ತಿಕ್ಕಿದ ಪಾತ್ರೆಯ ತಳ ಮುಂದಿನ ಸಲ ಬೇಗ ಹಿಡಿದುಕೊಳ್ಳುವ ಹಾಗೆ, ಕೆರೆದ ಹಳಿ ಮುಂದಿನ ಸಲ ಬೇಗ ಕಪ್ಪಾಗುತ್ತದೆ. ಆಗ ಮತ್ತೆ ಕೆರೆಯಬೇಕು. ಈ ಸಾಲ ತೀರುವುದೇ ಇಲ್ಲ.

ಆ ಸ್ಟೀಲ್ ನಾರನ್ನೇ ಹಳಿಗೆ ಹಾಕುವವರೂ ಇದ್ದಾರಂತೆ. ಅದರ ಒಂದು ಎಳೆ ಮುರಿದು ಹಾಸಿನ ಮೇಲೆ ಬಿದ್ದರೆ ಸಾಕು, ಮೇಲೆ ಹಾಯುವ ಮೋಟರಿನ ಆಯಸ್ಕಾಂತ ಅದನ್ನು ಎಳೆದುಕೊಂಡು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಡಿಸಿಸಿಯ ಅಪ್ಪಣೆ ಓದುವ ಡಿಕೋಡರ್ ಇರುವ ಇಂಜಿನ್ನಾದರೆ ಅದರ ಬೆಲೆ ನಿಮಗೇ ಗೊತ್ತು.

ಒಂದು ರಿಯಾಯಿತಿ ಕೊಡುತ್ತೇನೆ. ವರ್ಷಗಟ್ಟಲೆ ಅಟ್ಟದಲ್ಲಿ ಬಿದ್ದಿದ್ದ ಹಿತ್ತಾಳೆಯ ಹಳಿಯೋ, ಹಳಿಗೆ ಬಣ್ಣ ಹೊಡೆದಾಗ ನೆತ್ತಿಯ ಮೇಲೆ ಒಣಗಿದ ಬಣ್ಣವೋ ಇದ್ದರೆ, ಪೀಕೊ ಕಂಪನಿಯವರು ಮಾರುವಂಥ ಹಳಿ ರಬ್ಬರು ಬಳಸಬಹುದು, ಒಂದೇ ಒಂದು ಬಾರಿ. ಅದಾದ ಮೇಲೆ ಸ್ಟೇನ್‌ಲೆಸ್ ಸ್ಟೀಲ್ ವಾಷರನ್ನು ಬೆರಳಿನಿಂದ ಒತ್ತಿ ಹಳಿಯುದ್ದಕ್ಕೂ ಹಿಂದೆಮುಂದೆ ಎಳೆದು ಗೀರನ್ನು ನಯಮಾಡಿ. ಕರೆಂಟು ಆರಿಸಿರಬೇಕು ಎಂದು ಬೇರೆ ಹೇಳಬೇಕಿಲ್ಲ ತಾನೆ?

ಯಾವ ದ್ರವದಿಂದ ಒರೆಸಬೇಕು ಎಂಬುದರಲ್ಲಿ ನಮ್ಮಲ್ಲಿ ಎರಡು ಬಣ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಐಸೋಪ್ರೊಪೈಲ್ ಆಲ್ಕೊಹಾಲ್, ಅಂದರೆ ಐಪಿಎ, ತರುವವರದು ಒಂದು. ಪೇಂಟಿನ ಅಂಗಡಿಯಿಂದ ಮಿನರಲ್ ಟರ್ಪೆಂಟೈನ್ ತರುವವರದು ಇನ್ನೊಂದು. ಕೆಲವು ವರ್ಷಗಳ ಹಿಂದೆ ಅಮೆರಿಕದ ಮಾಡೆಲ್ ರೈಲ್‌ರೋಡ್ ಹಾಬಿಯಿಸ್ಟ್ ಪತ್ರಿಕೆ ಈ ಜಗಳಕ್ಕೆ ತುಪ್ಪ ಸುರಿಯಿತು. ಅವರ ವಾದ ಹೀಗೆ: ದ್ರವಗಳಲ್ಲಿ ಧ್ರುವೀಯ, ಅಧ್ರುವೀಯ ಎಂದು ಎರಡು ಜಾತಿ. ಧ್ರುವೀಯತೆಯನ್ನು ಸೂಚಿಸುವ ಅಂಕಿ ಡೈಎಲೆಕ್ಟ್ರಿಕ್ ಸ್ಥಿರಾಂಕ; ಐಪಿಎಯದು ಹದಿನೆಂಟರ ಮೇಲೆ, ಸೀಮೆಎಣ್ಣೆಯದು ಎರಡಕ್ಕಿಂತ ಕಡಿಮೆ, ಟರ್ಪೆಂಟೈನ್ ಎರಡರ ಆಸುಪಾಸು. ಅಂಕಿ ದೊಡ್ಡದಿರುವ ದ್ರವ ಹಳಿಯ ಮೇಲೆ ಬಿಡುವ ಉಳಿಕೆ ಕಿಡಿಗೆ ಆಸರೆಯಾಗುತ್ತದೆ, ಹಳಿ ಬೇಗ ಕಪ್ಪಾಗುತ್ತದೆ. ಅಂಕಿ ಚಿಕ್ಕದಿರುವುದನ್ನು ಬಳಸಿ. ಎದುರು ಬಣದವರು ಕೇಳುತ್ತಾರೆ: ಶುದ್ಧ ಐಪಿಎ ಪೂರ್ತಿ ಆವಿಯಾಗಿ ಹೋದಮೇಲೆ ಅದರ ಯಾವ ಅಂಕಿಗೆ ಏನು ಬೆಲೆ?

ಎರಡನ್ನೂ ಬಳಸಿರುವ ನನ್ನ ತೀರ್ಮಾನ ಹೇಳಿಬಿಡುತ್ತೇನೆ. ಕೊಳೆ ಕರಗಿಸುವುದಕ್ಕೆ ಐಪಿಎ ಚುರುಕು. ಆದರೆ ಕರಗಿದ ಕೊಳೆಯನ್ನು ಎತ್ತದೆ ಅಲ್ಲೇ ಒಣಗಲು ಬಿಟ್ಟರೆ ತೆಳ್ಳಗೆ ಹರಡಿ ಕೂರುತ್ತದೆ, ಆಮೇಲೆ ಐಪಿಎಯನ್ನೇ ದೂರುತ್ತಾರೆ. ಟರ್ಪೆಂಟೈನಿನಿಂದ ಒರೆಸಿದ ಹಳಿ ನನ್ನ ಕೈಯಲ್ಲಿ ಹೆಚ್ಚು ದಿನ ಬಾಳಿದೆ. ಹಾಗಾಗಿ ಜಿಡ್ಡು ಜಾಸ್ತಿ ಇದ್ದರೆ ಮೊದಲು ಐಪಿಎ, ಕೊನೆಯ ಒರೆಸು ಟರ್ಪೆಂಟೈನ್, ಆಮೇಲೆ ಒಣ ಬಟ್ಟೆ. ಬಟ್ಟೆಗೆ ಹಳೆಯ ಪಂಚೆಯನ್ನು ಮೀರಿಸಿದ್ದು ಇನ್ನೂ ಕಂಡಿಲ್ಲ. ತೊಳೆದೂ ತೊಳೆದೂ ನಾರು ಬಿಡುವುದನ್ನೇ ನಿಲ್ಲಿಸಿರುತ್ತದೆ. ಬಟ್ಟೆಯನ್ನು ಹಳಿಯ ಒಳಮೂಲೆಗೂ ತಾಗಿಸಿ. ಚಕ್ರದ ಅಂಚು ಉಜ್ಜುವುದು ಅಲ್ಲೇ. ಪೆಟ್ರೋಲ್, ಥಿನ್ನರ್ ಬೇಡ, ಸ್ಲೀಪರಿನ ಪ್ಲಾಸ್ಟಿಕ್ಕು ಕರಗಿಹೋದೀತು. ಐಪಿಎ ಆಗಲಿ ಟರ್ಪೆಂಟೈನಾಗಲಿ ಬೆಂಕಿಗೆ ಹತ್ತಿರದ ನೆಂಟರೇ. ಕಿಟಕಿ ತೆರೆದು, ಊದುಬತ್ತಿ ಆರಿಸಿ, ವಾಸನೆ ಹೋದಮೇಲೆ ಕರೆಂಟು ಹಾಕಿ. ಕಿಡಿಯ ಕಥೆಯನ್ನು ಮೇಲೆಯೇ ಹೇಳಿದ್ದೇನೆ.

ಇನ್ನು ಚಕ್ರ. ಈ ಪತ್ರ ಬರೆದದ್ದೇ ಇದಕ್ಕಾಗಿ.

ಅಡುಗೆಮನೆಯ ಪೇಪರ್ ಟವೆಲ್ ಒಂದು ಹಾಳೆ ತೆಗೆದುಕೊಂಡು ನೇರ ಹಳಿಯ ಮೇಲೆ ಅಡ್ಡಲಾಗಿ ಹಾಸಿ. ಎರಡೂ ಕಂಬಿಯ ಮೇಲೆ ಬರುವಲ್ಲಿ ಕೆಲವು ಹನಿ ದ್ರವ ಹಾಕಿ. ಇಲ್ಲಿ ಕರೆಂಟು ಹರಿಯುತ್ತಿರುವುದರಿಂದ ಒದ್ದೆಯಾದರೆ ಸಾಕು, ತೊಟ್ಟಿಕ್ಕಬಾರದು. ಇಂಜಿನ್ನಿನ ಮುಂದಿನ ಚಕ್ರಗಳನ್ನು ಹಾಳೆಯ ಮೇಲೆ, ಹಿಂದಿನ ಚಕ್ರಗಳನ್ನು ಬರಿ ಹಳಿಯ ಮೇಲೆ ಇಡಿ. ಹಿಂದಿನವು ಕರೆಂಟು ಎತ್ತುತ್ತವೆ, ಮುಂದಿನವು ಹಾಳೆಯ ಮೇಲೆ ತಿರುಗುತ್ತವೆ. ಇಂಜಿನ್ನನ್ನು ಎರಡು ಬೆರಳಲ್ಲಿ ಹಗುರವಾಗಿ ಹಿಡಿದು, ಅರ್ಧ ವೇಗ ಕೊಡಿ. ಹಾಳೆಯ ಮೇಲೆ ಎರಡು ಕಪ್ಪು ಗೆರೆ ಮೂಡುತ್ತವೆ. ಹಾಳೆಯನ್ನು ತುಸು ಸರಿಸಿ, ಮತ್ತೆ. ಗೆರೆ ಕಪ್ಪಿನಿಂದ ಬೂದಿಗೆ, ಬೂದಿಯಿಂದ ಕಂಡೂ ಕಾಣದಷ್ಟಕ್ಕೆ ಬರುವವರೆಗೆ. ಆಮೇಲೆ ಇಂಜಿನ್ನನ್ನು ತಿರುಗಿಸಿ ಹಿಂದಿನ ಚಕ್ರಗಳಿಗೂ ಅದೇ ಉಪಚಾರ. ಹಳಿ ನೋಡಲು ಫಳಫಳ ಹೊಳೆಯುತ್ತಿದ್ದರೂ ಮೊದಲ ಗೆರೆ ಎಷ್ಟು ಕಪ್ಪಾಗಿ ಬರುತ್ತದೆ ಎಂಬುದನ್ನು ಒಮ್ಮೆ ಕಣ್ಣಾರೆ ಕಂಡವರು ಮತ್ತೆ ವಾದಕ್ಕೆ ಬರುವುದಿಲ್ಲ.

ಕೆಲವು ಚಕ್ರಗಳಿಗೆ ಹಿಡಿತಕ್ಕೆಂದು ರಬ್ಬರಿನ ಬಳೆ ತೊಡಿಸಿರುತ್ತಾರೆ. ಅವಕ್ಕೆ ದ್ರವ ತಾಗಿಸಬೇಡಿ; ಟರ್ಪೆಂಟೈನ್ ತಾಗಿದರೆ ರಬ್ಬರು ಉಬ್ಬಿ ಸಡಿಲವಾಗುತ್ತದೆ. ನೀರಿನಲ್ಲಿ ನೆನೆಸಿ ಹಿಂಡಿದ ಬಟ್ಟೆ ಸಾಕು. ಅಂಟು ಗಟ್ಟಿಯಾಗಿ ಕೂತಿದ್ದರೆ ಹಲ್ಲುಕಡ್ಡಿ ಅಥವಾ ಬಿದಿರಿನ ಕಡ್ಡಿಯಿಂದ ಎಬ್ಬಿಸಿ, ಸ್ಕ್ರೂಡ್ರೈವರಿನಿಂದಲ್ಲ. ಚಕ್ರದ ಮೇಲಿನ ನಿಕ್ಕಲ್ ಲೇಪಕ್ಕೆ ಒಮ್ಮೆ ಗೀರು ಬಿದ್ದರೆ ಹಳಿಯದೇ ಕಥೆ. ಫೈಬರ್‌ಗ್ಲಾಸ್ ಪೆನ್ನು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದರ ಚೂರು ಬೆರಳಿಗೆ ಹೊಕ್ಕರೆ ಎರಡು ದಿನ ಅನ್ನ ಕಲಸುವಾಗೆಲ್ಲ ನೆನಪಾಗುತ್ತದೆ, ಕೈಗವಸು ಹಾಕಿಕೊಳ್ಳಿ. ಹತ್ತಿ ಸುತ್ತಿದ ಕಿವಿಕಡ್ಡಿ ಬಳಸುವವರು ಗೇರಿಗೆ ಎಳೆ ಸಿಕ್ಕಿಕೊಂಡಿಲ್ಲವೆಂದು ನೋಡಿ.

ಚಕ್ರದ ಬೆನ್ನನ್ನು ಮರೆಯುವವರೇ ಹೆಚ್ಚು. ಬಹಳಷ್ಟು ಇಂಜಿನ್ನುಗಳಲ್ಲಿ ತೆಳ್ಳನೆಯ ತಾಮ್ರದ ಪಟ್ಟಿಯೊಂದು ಚಕ್ರದ ಹಿಂಬದಿಗೆ ಒರಗಿಕೊಂಡು ಕರೆಂಟನ್ನು ಮೋಟರಿಗೆ ಒಯ್ಯುತ್ತದೆ. ತಲೆಕೂದಲು, ಜಮಖಾನೆಯ ನೂಲು, ಬೆಕ್ಕಿರುವ ಮನೆಯಾದರೆ ಅದರ ರೋಮ ಎಲ್ಲ ಅಲ್ಲಿಗೇ ಹೋಗಿ ಸುತ್ತಿಕೊಳ್ಳುತ್ತವೆ. ಚಕ್ರದ ಮುಖ ಕನ್ನಡಿಯಂತಿದ್ದರೂ ಪಟ್ಟಿ ಚಕ್ರಕ್ಕೆ ತಾಗದಿದ್ದರೆ ಇಂಜಿನ್ ಕದಲದು. ಚಿಮುಟದಿಂದ ಎಳೆಗಳನ್ನು ತೆಗೆದು, ಪಟ್ಟಿ ಚಕ್ರಕ್ಕೆ ಹಗುರವಾಗಿ ತಾಗುವಂತೆ ಬಾಗಿಸಿ. ಜೋರಾಗಿ ಒತ್ತಿದರೆ ಅದೇ ಬ್ರೇಕ್ ಆಗುತ್ತದೆ.

ಇಷ್ಟಾದರೂ ಇಂಜಿನ್ ನಿಂತರೆ? ಎಲ್ಲರ ಇಂಜಿನ್ನುಗಳೂ ಒಂದೇ ಜಾಗದಲ್ಲಿ ನಿಂತರೆ ತಪ್ಪು ಹಳಿಯದ್ದು. ಒಬ್ಬರ ಇಂಜಿನ್ ಎಲ್ಲ ಜಾಗದಲ್ಲೂ ನಿಂತರೆ ತಪ್ಪು ಅವರ ಇಂಜಿನ್ನಿನದು. ಇಷ್ಟನ್ನು ನೋಡದೆ ಇಡೀ ದಾರಿಯನ್ನು ತಿಕ್ಕಲು ಹೊರಡುವುದು ನಮ್ಮ ದೊಡ್ಡ ರೋಗ. ಹಳಿಯದ್ದೇ ತಪ್ಪು ಎಂದಾದರೂ ಕೊಳೆಯೇ ಇರಬೇಕೆಂದಿಲ್ಲ. ಎರಡು ಹಳಿ ಕೂಡುವ ಕಡೆಯ ಜಾಯಿನರು ಸಡಿಲವಾಗಿರಬಹುದು. ನಮ್ಮ ಪ್ಲೈವುಡ್ ಹಲಗೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಇದು ಮಾಮೂಲು. ಪಾಯಿಂಟಿನ ನಾಲಿಗೆ ಪಕ್ಕದ ಕಂಬಿಗೆ ಸರಿಯಾಗಿ ಒರಗದೆ ಕರೆಂಟು ದಾಟದಿರಬಹುದು. ಮಲ್ಟಿಮೀಟರಿನ ಎರಡು ಕಡ್ಡಿ ಇಟ್ಟರೆ ನಿಮಿಷದಲ್ಲಿ ತಿಳಿಯುತ್ತದೆ. ಪ್ರತಿ ತುಂಡು ಹಳಿಗೂ ಅಡಿಯಿಂದ ಒಂದೊಂದು ವೈರು ಬೆಸುಗೆ ಹಾಕಿದವರು ಈ ಸಾಲುಗಳನ್ನು ಹಾರಿಸಿ ಓದಬಹುದು.

ಹಳಿ ತೊಳೆಯುವ ವ್ಯಾಗನ್ನುಗಳ ಬಗ್ಗೆ ಕೇಳುತ್ತೀರಿ. ದುಡ್ಡಿದ್ದವರು ಜಪಾನಿನ ಟೊಮಿಕ್ಸಿನದ್ದೋ ಜರ್ಮನಿಯ ಲಕ್ಸ್‌ನದ್ದೋ ಕೊಳ್ಳಿ, ಅವು ಹೀರುತ್ತವೆ, ಒರೆಸುತ್ತವೆ. ನನ್ನ ಮನಸ್ಸು ಕ್ಯಾಲಿಫೋರ್ನಿಯದ ಜಾನ್ ಆಲನ್ ಹೆಸರಿನಲ್ಲಿ ನಡೆದುಬಂದಿರುವ ಬಡವರ ವ್ಯಾಗನ್ನಿನ ಕಡೆಗೇ. ಮಾಂಟೆರಿಯ ತಮ್ಮ ಮನೆಯಲ್ಲಿ ‘ಗೋರಿ ಅಂಡ್ ಡಿಫೀಟೆಡ್’ ಎಂದು ಓದಿಕೊಳ್ಳುವಂಥ ಹೆಸರಿಟ್ಟು ಕಟ್ಟಿದ ರೈಲುಲೋಕದಿಂದ ಪ್ರಸಿದ್ಧರಾದವರು ಅವರು. 1973ರಲ್ಲಿ ಅವರು ತೀರಿಕೊಂಡ ಕೆಲವೇ ದಿನಕ್ಕೆ ಅದೂ ಬೆಂಕಿಗೆ ಆಹುತಿಯಾಯಿತು. ಆ ವ್ಯಾಗನ್ನಿನ ಯುಕ್ತಿ ಸರಳ. ಹಾರ್ಡ್‌ಬೋರ್ಡಿನ ಒಂದು ತುಂಡಿಗೆ ಎರಡು ಮೊಳೆ ಅಂಟಿಸಿ, ಆ ಮೊಳೆಗಳು ವ್ಯಾಗನ್ನಿನ ತಳದ ಎರಡು ತೂತಿನಲ್ಲಿ ಸಡಿಲವಾಗಿ ಮೇಲೆಕೆಳಗೆ ಆಡುವಂತೆ ಇಟ್ಟರಾಯಿತು. ತುಂಡು ತನ್ನ ಭಾರದಿಂದಲೇ ಹಳಿಯ ಮೇಲೆ ಕೂತು, ರೈಲಿನ ಜೊತೆ ಎಳೆಸಿಕೊಂಡು ಹೋಗುತ್ತ ಒರೆಸುತ್ತದೆ. ತುಂಡು ಕಪ್ಪಾದಾಗ ಅದನ್ನು ತೆಗೆದು ಉಜ್ಜಿಕೊಳ್ಳಿ. ನಿಮ್ಮ ಸ್ಯಾಂಡ್‌ಪೇಪರಿಗೆ ಇದೇ ಸರಿಯಾದ ಜಾಗ.

ರೆಲ್ಕೊ ಮಾದರಿಯ ಹೈ-ಫ್ರೀಕ್ವೆನ್ಸಿ ಪೆಟ್ಟಿಗೆ ಹಳೆಯ ಸಾಮಾನಿನಲ್ಲಿ ಸಿಕ್ಕಿದೆಯೆಂದು ಒಬ್ಬರು ಹಿಗ್ಗಿನಿಂದ ತೋರಿಸಿದರು. ಡಿಸಿ ಹಳಿಯಲ್ಲಿ ಕೊಳೆಯ ಪದರವನ್ನು ಸುಟ್ಟು ದಾಟಲು ಅದು ಹೆಚ್ಚಿನ ವೋಲ್ಟೇಜು ಕಳಿಸುತ್ತದೆ. ಡಿಸಿಸಿ ದಾರಿಗೆ ಮಾತ್ರ ಯಾವ ಕಾರಣಕ್ಕೂ ಜೋಡಿಸಬೇಡಿ, ಡಿಕೋಡರುಗಳು ಒಂದಾದ ಮೇಲೊಂದು ಸಾಯುತ್ತವೆ. ಇಂಜಿನ್ನಿನೊಳಗೆ ಕೆಪಾಸಿಟರ್ ಕೂರಿಸಿಕೊಂಡು ಕರೆಂಟು ತಪ್ಪಿದಾಗ ಅದರಿಂದ ದಾಟುವ ಏರ್ಪಾಡು ಒಳ್ಳೆಯದೇ. ಆದರೆ ಅದನ್ನು ಹಾಕಿಸಿಕೊಂಡವರಿಗೆ ತಮ್ಮ ಚಕ್ರದ ಕೊಳೆ ಗೊತ್ತಾಗುವುದೇ ಇಲ್ಲ, ಅದು ಪಕ್ಕದವರ ಇಂಜಿನ್ನಿಗೆ ಗೊತ್ತಾಗುತ್ತದೆ. ಒರೆಸಿದ ಹಳಿಗೆ ಮೆತ್ತನೆಯ ಗ್ರಾಫೈಟ್ ಕಡ್ಡಿಯಿಂದ ಒಳ ಅಂಚಿನಲ್ಲಿ ಒಂದು ತೆಳು ಗೆರೆ ಎಳೆಯುವವರಿಗೆ ನನ್ನ ಅಡ್ಡಿಯಿಲ್ಲ, ಏರು ಇರುವಲ್ಲಿ ಬೇಡ, ಚಕ್ರ ಜಾರುತ್ತದೆ. ಹಳಿಗೆ ಎಣ್ಣೆ ಸವರುವವರಿಗೆ ಅಡ್ಡಿಯಿದೆ. ಬೆಂಗಳೂರಿನ ಧೂಳಿಗೆ ಅದು ಆಮಂತ್ರಣಪತ್ರ.

‘ನಿಜವಾದ ರೈಲ್ವೆಯವರು ಹಳಿ ಒರೆಸುತ್ತಾರಾ?’ ಎಂದು ನಗುವ ಗೆಳೆಯರೇ, ಒರೆಸುತ್ತಾರೆ. ಬ್ರಿಟನ್ನಿನಲ್ಲಿ ಎಲೆ ಉದುರುವ ಕಾಲಕ್ಕೆ ಚಕ್ರಗಳು ಎಲೆಗಳನ್ನು ಅರೆದು ಹಳಿಯ ಮೇಲೆ ಜಾರುವ ಕರಿ ಪದರ ಮಾಡುತ್ತವೆ. ಅದನ್ನು ತೆಗೆಯುವುದಕ್ಕೆಂದೇ ವಿಶೇಷ ರೈಲುಗಳಿವೆ. ಭಾರೀ ಒತ್ತಡದಲ್ಲಿ ನೀರು ಚಿಮ್ಮಿಸಿ ಹಳಿ ತೊಳೆದು, ಹಿಂದೆಯೇ ಮರಳು ಬೆರೆತ ಅಂಟಿನ ಲೇಪ ಹಾಕುತ್ತ ಹೋಗುತ್ತವೆ. ಅಲ್ಲಿ ಚಿಂತೆ ಬರೀ ಜಾರುವುದಲ್ಲ. ಹಳಿಯ ಮೇಲೆ ರೈಲು ಇದೆಯೋ ಇಲ್ಲವೋ ಎಂಬುದು ಸಿಗ್ನಲ್ಲಿಗೆ ತಿಳಿಯುವ ಒಂದು ದಾರಿ ಟ್ರ್ಯಾಕ್ ಸರ್ಕ್ಯೂಟು: ಒಂದು ಕಂಬಿಯಿಂದ ಇನ್ನೊಂದಕ್ಕೆ ಚಕ್ರ-ಅಚ್ಚಿನ ಮೂಲಕ ಕರೆಂಟು ಹರಿಯಬೇಕು. ಪದರ ದಪ್ಪವಾದರೆ ಹತ್ತಾರು ಟನ್ನಿನ ರೈಲೂ ಸಿಗ್ನಲ್ಲಿನ ಕಣ್ಣಿಗೆ ಬೀಳದೆ ಹೋಗಬಹುದು. ನಮ್ಮಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಾಟಿಯಲ್ಲಿ ಏರು 50ಕ್ಕೆ 1. ಮಳೆಯಲ್ಲಿ ನೆನೆದ ಹಳಿಯ ಮೇಲೆ ಹಿಡಿತಕ್ಕಾಗಿ ಚಕ್ರದ ಮುಂದೆ ಮರಳು ಬಿಡುವ ಏರ್ಪಾಡು ಇಂಜಿನ್ನಿನಲ್ಲೇ ಇದೆ. ಇದನ್ನು ಓದಿ ಯಾರೂ ಎಚ್‌ಒ ಹಳಿಗೆ ಮರಳು ಹಾಕಲು ಹೊರಡಬೇಡಿ.

ಕರಾವಳಿಯವರಿಗೆ ಒಂದೇ ಮಾತು. ನಿಮ್ಮ ಗಾಳಿಯಲ್ಲಿ ಉಪ್ಪೂ ನೀರೂ ಇದೆ. ಹಳೆಯ ಸೆಟ್ಟಿನ ಉಕ್ಕಿನ ಹಳಿ ಜೂನಿನಿಂದ ಸೆಪ್ಟೆಂಬರಿನವರೆಗೆ ಬದುಕುವುದು ಕಷ್ಟ ಮಾರಾಯ್ರೇ. ಅದನ್ನು ಉಜ್ಜುತ್ತ ಕೂರುವುದಕ್ಕಿಂತ ನಿಕ್ಕಲ್ ಸಿಲ್ವರಿಗೆ ಬದಲಾಯಿಸಿ. ಇಂಜಿನ್ನುಗಳನ್ನು ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಳದ ಡಬ್ಬಿಯಲ್ಲಿಡಿ.

ಮುಂದಿನ ಸಲ ಸೇರುವಾಗ ನನ್ನ ಬೇಡಿಕೆ ಇಷ್ಟು. ಮುಖ್ಯ ದಾರಿಗೆ ಸೇರುವ ಮೊದಲು ಒಂದು ಸಣ್ಣ ತುಂಡು ಹಳಿ ಬೇರೆ ಇಟ್ಟಿರುತ್ತೇನೆ, ಅದರ ಮೇಲೆ ಪೇಪರ್ ಟವೆಲ್ ಹಾಸಿರುತ್ತದೆ, ಪಕ್ಕದಲ್ಲಿ ಸೀಸೆ. ಎಲ್ಲ ಇಂಜಿನ್ನುಗಳೂ, ಎಲ್ಲ ಬೋಗಿಗಳೂ ಅದನ್ನು ದಾಟಿಯೇ ಒಳಗೆ ಬರಬೇಕು. ಹಿರಿಯರು ಕಿರಿಯರು, ಹದಿನೈದು ಸಾವಿರದ ಇಂಜಿನ್ನು ಸೆಕೆಂಡ್‌ಹ್ಯಾಂಡ್ ಇಂಜಿನ್ನು ಎಂಬ ಭೇದವಿಲ್ಲ. ಗೆರೆ ಕಪ್ಪಾಗಿ ಬಂದರೆ ಅಲ್ಲೇ ಕೂತು ಒರೆಸಿ, ಕಾಫಿ ಅಲ್ಲಿಗೇ ಬರುತ್ತದೆ. ಪ್ಲಾಸ್ಟಿಕ್ ಚಕ್ರದ ವ್ಯಾಗನ್ನುಗಳು ಯಾರ್ಡಿನಲ್ಲಿ ನಿಂತು ಚಂದ ಕಾಣಲಿ, ಮುಖ್ಯ ದಾರಿಗೆ ಬೇಡ. ಹಾರ್ಡ್‌ಬೋರ್ಡಿನ ವ್ಯಾಗನ್ ಎರಡು ಮಾಡಿದ್ದೇನೆ, ಇನ್ನೂ ಎರಡು ಬೇಕು. ಪೆಟ್ಟಿಗೆ ವ್ಯಾಗನ್ನಿನ ಹಳೆಯ ಬಾಡಿ ಯಾರ ಬಳಿಯಾದರೂ ಇದ್ದರೆ ತನ್ನಿ, ಮೊಳೆ ನನ್ನದು.

ಇಂತಿ,
ನಿಮ್ಮೆಲ್ಲರ ಹಳಿ ಒರೆಸುವವ

ತಾ.ಕ.: ಮೇರ್ಕ್ಲಿನ್ ಕಂಪನಿಯ ರೈಲು ಇಟ್ಟುಕೊಂಡಿರುವ ಇಬ್ಬರು ಮೂವರು ಇದನ್ನೋದಿ ಮೀಸೆಯಡಿ ನಗುತ್ತಿರುತ್ತೀರಿ ಎಂದು ಗೊತ್ತು. ನಿಮ್ಮಲ್ಲಿ ಎರಡೂ ಕಂಬಿ ಒಂದೇ ಕಡೆಯ ವೈರು, ಎರಡೂ ಬದಿಯ ಚಕ್ರಗಳು ಒಟ್ಟಿಗೆ ಅದೇ ಕೆಲಸ ಮಾಡುತ್ತವೆ. ಇನ್ನೊಂದು ವೈರಾದ ನಡುವಿನ ಮೊಳೆತಲೆಗಳನ್ನು ಇಂಜಿನ್ನಿನ ಅಡಿಯ ಉದ್ದನೆಯ ಪಟ್ಟಿ ಓಡುತ್ತಲೇ ಉಜ್ಜಿಕೊಳ್ಳುತ್ತದೆ. ಒಪ್ಪಿದೆ, ನಿಮಗೆ ಈ ತಾಪತ್ರಯ ಕಡಿಮೆ. ಆ ಪಟ್ಟಿ ಸವೆದು ನಡುವೆ ತೋ‌ಡು ಬಿದ್ದಿದೆಯೇ ಎಂದು ಕೊನೆಯ ಸಲ ನೋಡಿದ್ದು ಯಾವಾಗ?